ದೇವಕಿಯ ಆರು ಮಕ್ಕಳು

(ಮಲ್ಪೆ ಸಮೀಪದ ಭಜನಾ ಮಂದಿರವೊಂದರ ಮಂಗಲೋತ್ಸವದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಿದವರು ಬರೆದು ಕೊಡಿ ಎಂದದ್ದರಿಂದ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಮಂಡಳಿಯ ಹಿರಿಯರಿಗೆ, ಮನೆಗೆಲಸ ಅರ್ಧಕ್ಕೆ ಬಿಟ್ಟು ಬಂದು ಕೂತಿರುವ ಅಮ್ಮಂದಿರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಹುಡುಗರಿಗೆ ನಮಸ್ಕಾರ.

ಕಷ್ಟ ಬಂದಾಗ, ಮನೆಯಲ್ಲಿ ಸಾವಾದಾಗ ದೇವರ ಮೇಲಿನ ನಂಬಿಕೆ ಉಳಿಸಿಕೊಳ್ಳುವುದು ಹೇಗೆ ಎನ್ನುವ ಬಗ್ಗೆ ಮಾತಾಡಿ ಎಂದಿದ್ದೀರಿ. ನಾನು ಶಾಸ್ತ್ರ ಓದಿದವಳಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಕೊನೆಯ ವರ್ಷಗಳಲ್ಲಿ ಕ್ಯಾನ್ಸರ್ ವಾರ್ಡಿನಲ್ಲಿದ್ದೆ. ಅಲ್ಲಿ ಕಂಡದ್ದು, ಚಿಕ್ಕಂದಿನಿಂದ ಹರಿಕಥೆ, ತಾಳಮದ್ದಳೆಗಳಲ್ಲಿ ಕೇಳಿದ್ದು, ಇವೆರಡನ್ನು ಸೇರಿಸಿ ಹೇಳುತ್ತೇನೆ.

ಇಲ್ಲಿಂದ ವಡಭಾಂಡೇಶ್ವರ ದೂರವಿಲ್ಲ. ಅಲ್ಲಿಯ ಕಥೆ ನಿಮ್ಮ ಮಕ್ಕಳಿಗೂ ಗೊತ್ತುಂಟು. ಏಳುನೂರು ವರ್ಷಕ್ಕೂ ಹಿಂದೆ ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗು ಈ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಉತ್ತರೀಯ ಬೀಸಿದರು. ಗಾಳಿ ಇಳಿಯಿತು, ಹಡಗು ಉಳಿಯಿತು. ಏನು ಬೇಕಾದರೂ ಕೇಳಿ ಎಂದ ಹಡಗಿನವನ ಹತ್ತಿರ ಆಚಾರ್ಯರು ಕೇಳಿದ್ದು ಗೋಪೀಚಂದನದ ಗಡ್ಡೆ ಮಾತ್ರ. ಅದರೊಳಗಿಂದ ಬಂದ ಬಲರಾಮ ಇಲ್ಲಿ ಕಡಲ ಕರೆಯಲ್ಲಿಯೇ ನಿಂತ, ಕೃಷ್ಣ ಉಡುಪಿಗೆ ಹೋದ. ನಮ್ಮ ಉಡುಪಿ ಕ್ಷೇತ್ರ ಆದದ್ದೇ ಒಂದು ಹಡಗು ಮುಳುಗದೆ ಉಳಿದದ್ದರಿಂದ ಎಂದು ನಂಬಿಕೊಂಡು ಬಂದವರು ನಾವು.

ಇದೇ ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಸುವರ್ಣ ತ್ರಿಭುಜ ಬೋಟು ಆಳಸಮುದ್ರಕ್ಕೆ ಹೊರಟಿತು. ಏಳು ಮಂದಿ ಇದ್ದರು. ಎರಡು ದಿನದ ಮೇಲೆ ಸಂಪರ್ಕ ಕಡಿಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಾಣದ ಕಡಲಲ್ಲಿ ನೌಕಾಪಡೆಯವರು ಬೋಟಿನ ಅವಶೇಷ ಪತ್ತೆ ಮಾಡಿದರು. ಏಳು ಮಂದಿ ಮರಳಲಿಲ್ಲ. ಆ ಮನೆಗಳವರ ಮನಸ್ಸಿನಲ್ಲಿ ಏನು ನಡೆಯಿತೋ ಅದರ ಬಗ್ಗೆ ಮಾತಾಡಲು ನನಗೆ ಅಧಿಕಾರವಿಲ್ಲ. ಆದರೆ ಆ ತಿಂಗಳುಗಳಲ್ಲಿ ಈ ಕರಾವಳಿಯಲ್ಲಿ ದೀಪ ಹಚ್ಚದ, ಹರಕೆ ಹೇಳದ ಮನೆ ಕಡಿಮೆ. ಹಾಗೆ ಬೇಡಿಕೊಂಡ ನಾವೆಲ್ಲರೂ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು. ಬೇರೆ ಯಾವುದೋ ಅವಘಡದಲ್ಲಿ ತಮ್ಮನನ್ನು ಕಡಲಿಗೆ ಕಳಕೊಂಡ ಉಚ್ಚಿಲ ಕಡೆಯ ಹೆಂಗಸೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ಒಂದು ರಾತ್ರಿ ಡ್ರಿಪ್ ಬದಲಾಯಿಸುವಾಗ ನನ್ನ ಕೈ ಹಿಡಿದು ಅದನ್ನು ಕೇಳಿಯೇ ಬಿಟ್ಟರು: "ಆ ಹಡಗಿಗೆ ಬೀಸಿದ ಬಟ್ಟೆ ನಮ್ಮ ದೋಣಿಗೆ ಯಾಕೆ ಬೀಸಲಿಲ್ಲ ಸಿಸ್ಟರ್?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತೂ ಇಲ್ಲ. ಉತ್ತರ ಉಂಟು ಎಂದು ಹೇಳುವವರನ್ನು ನಾನು ಅಷ್ಟು ಬೇಗ ನಂಬುವುದೂ ಇಲ್ಲ. ಆದರೆ ಆ ಪ್ರಶ್ನೆ ಕೇಳಿದ ಮೇಲೆ ಉಡುಪಿಯ ಕಥೆಯನ್ನೇ ಮತ್ತೆ ಹಿಂದಿನಿಂದ ನೆನೆಯುತ್ತಾ ಹೋದೆ. ಆ ಹಡಗಿನಲ್ಲಿದ್ದ ಕೃಷ್ಣ ಯಾರಿಗಾಗಿ ಮಾಡಿದ ವಿಗ್ರಹ? ದೇವಕಿಗೆ ಮಗನ ಬಾಲಲೀಲೆ ನೋಡುವ ಭಾಗ್ಯ ಇರಲಿಲ್ಲ, ಅದು ಯಶೋದೆಯ ಪಾಲಾಯಿತು. ದ್ವಾರಕೆಯಲ್ಲಿ ಒಮ್ಮೆ ಆಕೆ ಆ ಕೊರಗನ್ನು ಹೇಳಿಕೊಂಡಳು. ಕೃಷ್ಣ ಮಗುವಾಗಿ ಕಡೆಗೋಲು ಹಿಡಿದು ಬೆಣ್ಣೆಗೆ ಕೈಹಾಕಿ ತೋರಿಸಿದ. ಅದನ್ನು ಕಂಡ ರುಕ್ಮಿಣಿ ಇಂಥದೇ ಒಂದು ಮೂರ್ತಿ ಬೇಕೆಂದಳು, ವಿಶ್ವಕರ್ಮ ಮಾಡಿಕೊಟ್ಟ, ಆಕೆ ಪೂಜಿಸಿದಳು. ಉಡುಪಿಯಲ್ಲಿ ಇವತ್ತು ಕಡೆಗೋಲು ಹಿಡಿದು ನಿಂತಿರುವುದು ಅದೇ ಮೂರ್ತಿ ಎಂಬುದು ಇಲ್ಲಿಯ ಪರಂಪರೆ.

ಅಂದರೆ ನಮ್ಮ ಉಡುಪಿ ಕೃಷ್ಣ ಒಬ್ಬ ತಾಯಿಯ ಕೊರಗಿನಿಂದ ಹುಟ್ಟಿದ ರೂಪ. ಆ ತಾಯಿ ಯಾರು? ಸೆರೆಮನೆಯಲ್ಲಿ ಆರು ಮಕ್ಕಳನ್ನು ಹೆತ್ತು ಆರನ್ನೂ ಅಣ್ಣನ ಕೈಯಲ್ಲಿ ಕಳಕೊಂಡವಳು. ಏಳನೆಯವನು ಬಲರಾಮ, ವಡಭಾಂಡೇಶ್ವರದಲ್ಲಿದ್ದಾನೆ. ಎಂಟನೆಯವನು ಉಡುಪಿಯಲ್ಲಿದ್ದಾನೆ. ಇಬ್ಬರಿಗೂ ದಿನ ಬೆಳಗಾದರೆ ಪೂಜೆ ಉಂಟು, ನೈವೇದ್ಯ ಉಂಟು. ಮೊದಲಿನ ಆರು ಮಂದಿಗೆ ಈ ಊರಿನಲ್ಲಿ ಗುಡಿ ಇಲ್ಲ, ಅವರನ್ನು ನೆನೆಯುವವರೂ ಇಲ್ಲ.

ದೇವಕಿ ನೆನೆದಳು. ಭಾಗವತದ ದಶಮ ಸ್ಕಂಧದಲ್ಲಿ ಬರುವ ಈ ಪ್ರಸಂಗವನ್ನು ಹರಿದಾಸರು ಕೃಷ್ಣ ಜನ್ಮದಷ್ಟು ವಿಸ್ತಾರವಾಗಿ ಹೇಳುವುದಿಲ್ಲ, ನನಗೆ ಅದು ಬೇಸರ. ಸಾಂದೀಪನಿ ಗುರುಗಳ ಮಗ ಪ್ರಭಾಸದ ಕಡಲಲ್ಲಿ ಹೋಗಿದ್ದ. ಗುರುದಕ್ಷಿಣೆಯಾಗಿ ಕೃಷ್ಣ ಬಲರಾಮರು ಆ ಹುಡುಗನನ್ನು ಯಮನ ಮನೆಯಿಂದ ಕರೆತಂದು ಕೊಟ್ಟಿದ್ದರು. ದೇವಕಿಗೆ ಅದು ತಿಳಿದಿತ್ತು. ವರ್ಷಗಳು ಎಷ್ಟೋ ಕಳೆದಿವೆ. ಕಂಸ ಸತ್ತು ಯಾವುದೋ ಕಾಲವಾಗಿದೆ. ಮಗ ದ್ವಾರಕೆಯನ್ನೇ ಕಟ್ಟಿದ್ದಾನೆ, ಮನೆತುಂಬ ಮೊಮ್ಮಕ್ಕಳು. ಆಗ ಆಕೆ ಕಣ್ಣೀರು ಹಾಕಿ ಕೇಳಿದಳು: ಗುರುಗಳ ಮಗನನ್ನು ತಂದುಕೊಟ್ಟಿರಿ, ಹಾಗೆಯೇ ನನ್ನ ಆ ಮಕ್ಕಳನ್ನೂ ನನಗೆ ತೋರಿಸಿ.

ದೇವರನ್ನೇ ಹೆತ್ತವಳು, ದೇವರು ಕೂಗಿದರೆ ಕೇಳುವಷ್ಟು ಹತ್ತಿರ ಇರುವವಳು. ಆಕೆಗೂ ಆರು ಮಕ್ಕಳು ಮರೆತುಹೋಗಲಿಲ್ಲ. ನಂಬಿಕೆ ಗಟ್ಟಿ ಇದ್ದರೆ ದುಃಖ ಇರಬಾರದು, ಅಳಬಾರದು, ಅಳುವವರಿಗೆ ಭಕ್ತಿ ಸಾಲದು ಎಂದು ಹೇಳುವವರು ದೇವಕಿಗೆ ಏನು ಹೇಳುತ್ತಾರೆ? ಕೃಷ್ಣ ಆಕೆಗೆ ಆತ್ಮ ಸಾಯುವುದಿಲ್ಲ ಎಂಬ ಪಾಠ ಹೇಳಲಿಲ್ಲ. ಆ ಪಾಠ ಅವನಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಇಷ್ಟು ವರ್ಷವಾಯಿತಲ್ಲ ಅಮ್ಮ ಎಂದೂ ಹೇಳಲಿಲ್ಲ. ಅಣ್ಣನನ್ನು ಕರಕೊಂಡು ಬಲಿಚಕ್ರವರ್ತಿಯ ಸುತಲಕ್ಕೆ ಹೋಗಿ ಆ ಆರು ಮಕ್ಕಳನ್ನು ತಂದು ತಾಯಿಯ ಮಡಿಲಲ್ಲಿ ಇಟ್ಟ. ಆಕೆ ಎದೆಹಾಲು ಕೊಟ್ಟಳು. ಮಕ್ಕಳು ಕುಡಿದರು, ಎಲ್ಲರಿಗೂ ನಮಸ್ಕರಿಸಿ ದೇವಲೋಕಕ್ಕೆ ಹೊರಟುಹೋದರು.

ಉಳಿಯಲಿಲ್ಲ, ಗಮನಿಸಿ. ದೇವಕಿಗೂ ಮಕ್ಕಳು ಮನೆಯಲ್ಲಿ ಉಳಿಯಲಿಲ್ಲ. ಅವರು ಎಲ್ಲಿದ್ದಾರೆ ಎಂದು ಆಕೆಗೆ ಗೊತ್ತಾಯಿತು, ಒಮ್ಮೆ ಎತ್ತಿಕೊಂಡದ್ದಾಯಿತು. ನನ್ನ ಮಟ್ಟಿಗೆ ಸಾವಿನ ಎದುರು ನಂಬಿಕೆ ಕೊಡುವ ಭರವಸೆ ಇಷ್ಟೇ. ಹೋದವರು ಇಲ್ಲವಾಗಿಲ್ಲ, ದೇವರ ಕಣ್ಣಳತೆಯಲ್ಲಿಯೇ ಎಲ್ಲೋ ಇದ್ದಾರೆ. ಇದಕ್ಕಿಂತ ಹೆಚ್ಚಿನದನ್ನು ನಾನು ಯಾರ ಹಾಸಿಗೆಯ ಪಕ್ಕದಲ್ಲಿಯೂ ಹೇಳಿದ್ದಿಲ್ಲ. ಇದನ್ನಂತೂ ಪೂರ್ತಿ ನಂಬಿಯೇ ಹೇಳಿದ್ದೇನೆ.

ಈಗ ಸ್ವಲ್ಪ ಕಟುವಾಗಿ ಒಂದು ಮಾತು. ಸಾವಿನ ಮನೆಗೆ ಹೋಗಿ ನಾವು ಏನೆಲ್ಲ ಹೇಳುತ್ತೇವೆ! "ಒಳ್ಳೆಯವರನ್ನೇ ದೇವರು ಬೇಗ ಕರಕೊಳ್ಳುವುದು." "ಪೂರ್ವಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು." "ನಿಮಗೆ ಇನ್ನೂ ಪ್ರಾಯ ಉಂಟಲ್ಲ, ಇನ್ನೊಂದು ಮಗುವಾದೀತು." ಮಗುವನ್ನು ಕಳಕೊಂಡ ತಾಯಿ ಐಸಿಯು ಹೊರಗಿನ ಬೆಂಚಿನಲ್ಲಿ ಕೂತಿರುವಾಗ ಈ ಮೂರೂ ಮಾತು ಒಬ್ಬರಾದ ಮೇಲೊಬ್ಬರು ಹೇಳಿ ಹೋದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕರ್ಮದ ಸಿದ್ಧಾಂತ ನಾನೂ ನಂಬುತ್ತೇನೆ. ನನ್ನ ಬಾಳನ್ನು ನಾನೇ ತೂಗಿ ನೋಡಲು ಅದು ನನಗೆ ಬೇಕು. ಇನ್ನೊಬ್ಬಳ ಸತ್ತ ಮಗುವಿನ ಲೆಕ್ಕ ಓದಿ ಹೇಳಲು ಅದನ್ನು ನಮ್ಮ ಕೈಗೆ ಯಾರೂ ಕೊಟ್ಟಿಲ್ಲ. ಆ ತಾಯಿ ದೇವರನ್ನು ಬಿಟ್ಟರೆ ಅರ್ಧ ಕಾರಣ ನಾವೇ.

ದೇವರಿಗೆ ಬೈಯಬಹುದೇ ಎಂದು ಕೇಳುತ್ತಾರೆ. ಗಾಂಧಾರಿ ಬೈದಳು. ಮಹಾಭಾರತದ ಸ್ತ್ರೀಪರ್ವದಲ್ಲಿ ಆಕೆ ಕುರುಕ್ಷೇತ್ರದ ಹೆಣಗಳ ನಡುವೆ ನಿಂತು ಕೃಷ್ಣನ ಮುಖಕ್ಕೇ ಹೇಳುತ್ತಾಳೆ: ತಡೆಯುವ ಶಕ್ತಿ ನಿನಗಿತ್ತು, ನೀನು ತಡೆಯಲಿಲ್ಲ. ಇನ್ನು ಮೂವತ್ತಾರು ವರ್ಷಕ್ಕೆ ನಿನ್ನ ಕುಲವೂ ಹೀಗೆಯೇ ಹೊಡೆದಾಡಿ ನಾಶವಾಗಲಿ ಎಂದು ಶಾಪ ಕೊಡುತ್ತಾಳೆ. ಕೃಷ್ಣ ಸಿಟ್ಟಾಗಲಿಲ್ಲ, ಮುಗುಳ್ನಕ್ಕು ಒಪ್ಪಿಕೊಂಡ. ಆ ಶಾಪ ಹಾಗೆಯೇ ನಡೆಯಿತು. ಪ್ರದ್ಯುಮ್ನ ಅವನ ಕಣ್ಣೆದುರೇ ಬಿದ್ದ. ದ್ವಾರಕೆಯನ್ನು ಕಡಲು ನುಂಗಿತು. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಒಂದು ಬಗೆಯೇ ಉಂಟು, ದೇವರನ್ನು ಹಂಗಿಸಿ ಜಗಳವಾಡಿ ಹಾಡುವುದು. ನೀವೇ ವಾರ ವಾರ ಇಲ್ಲಿ ತಾಳ ಹಾಕಿ ಹಾಡುತ್ತೀರಿ. ಜಗಳವಾಡುವವಳು ಇನ್ನೂ ಎದುರಿಗೇ ನಿಂತಿರುತ್ತಾಳೆ. ವಾರ್ಡಿನಲ್ಲಿ ನನಗೆ ಹೆದರಿಕೆ ಆಗುತ್ತಿದ್ದದ್ದು ಮಾತೇ ನಿಲ್ಲಿಸಿದವರನ್ನು ಕಂಡರೆ.

ಮಂಗಳೂರಿನಲ್ಲಿ ದುಡಿದದ್ದರಿಂದ ನೆರೆಯವರ ನಂಬಿಕೆಯನ್ನೂ ಹತ್ತಿರದಿಂದ ಕಂಡೆ. ನನ್ನ ಜೊತೆ ಡ್ಯೂಟಿ ಮಾಡುತ್ತಿದ್ದ ಕ್ರೈಸ್ತ ಸಿಸ್ಟರ್‌ಗಳು ಶುಭ ಶುಕ್ರವಾರದ ಪೂಜೆಗೆ ಹೋಗಿ ಬಂದು ಹೇಳುತ್ತಿದ್ದರು, ಶಿಲುಬೆಯ ಮೇಲೆ ಏಸುವೇ ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗಿದ್ದನ್ನು. ಪ್ರವಾದಿ ಮುಹಮ್ಮದರು ತಮ್ಮ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡಾಗ ಅತ್ತರು, ಕಣ್ಣು ನೀರಾಡುತ್ತದೆ, ಮನಸ್ಸು ನೋಯುತ್ತದೆ, ಆದರೂ ನಮ್ಮ ಒಡೆಯನಿಗೆ ಒಪ್ಪುವ ಮಾತನ್ನೇ ಆಡುತ್ತೇವೆ ಎಂದರು. ಮಂಗಳೂರಿನ ಬ್ಯಾರಿ ಕುಟುಂಬವೊಂದರ ಅಜ್ಜ ಇದನ್ನು ನನಗೆ ಹೇಳಿದ್ದು ಮೊಮ್ಮಗಳ ಹಾಸಿಗೆಯ ಪಕ್ಕದಲ್ಲಿ ನಿಂತು.

ವಾರ್ಡಿನಲ್ಲಿ ಬೆಳಗ್ಗೆ ಬೆಡ್‌ಶೀಟ್ ಬದಲಾಯಿಸುವಾಗ ದಿಂಬಿನ ಅಡಿಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಕಟೀಲಿನ ಪ್ರಸಾದದ ಪೊಟ್ಟಣ, ಗಂಧ ಒಣಗಿ ಪುಡಿಯಾದದ್ದು. ಅತ್ತೂರಿನ ಸಂತ ಲಾರೆನ್ಸರ ಚಿತ್ರ. ಉಳ್ಳಾಲ ದರ್ಗಾದಿಂದ ತಂದ ನೂಲು. ತೆಗೆದು ಟ್ರೇಯಲ್ಲಿಟ್ಟು, ಹೊಸ ಶೀಟು ಹಾಸಿದ ಮೇಲೆ ಅಲ್ಲಿಯೇ ಮರಳಿ ಇಡುವುದು. ಹೊಸದಾಗಿ ಬಂದ ಹುಡುಗಿಯರಿಗೆ ಇದನ್ನೂ ಹೇಳಿಕೊಡುತ್ತಿದ್ದೆ. ಪ್ರಸಾದ ಇದ್ದವರೂ ಹೋದರು, ಏನೂ ಇಲ್ಲದವರೂ ಗುಣವಾಗಿ ಮನೆಗೆ ನಡೆದರು. ಅದು ಮದ್ದಿನಂತೆ ಕೆಲಸ ಮಾಡುವುದಿಲ್ಲ, ಹಾಗೆಂದು ಹರಕೆ ಹೊತ್ತ ಮೇಲೆ ಮಾತ್ರೆ ನಿಲ್ಲಿಸುವವರಿಗೆ ನಾನು ಗಟ್ಟಿಯಾಗಿಯೇ ಹೇಳಿದ್ದೇನೆ. ಆದರೆ ಮಲಗಿದವರು ನಡುರಾತ್ರಿ ದಿಂಬಿನಡಿಗೆ ಕೈ ಹಾಕಿ ಆ ಪೊಟ್ಟಣ ಮುಟ್ಟಿ ನೋಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನನಗಾಗಿ ಯಾರೋ ಬಸ್ಸು ಹಿಡಿದು ಕಟೀಲಿಗೆ ಹೋಗಿ ಬಂದಿದ್ದಾರೆ ಎನ್ನುವುದು ಆ ಪೊಟ್ಟಣದಲ್ಲಿರುತ್ತದೆ.

ಇನ್ನು ನನಗೆ ಬಹಳ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ಕಾಪು ಕಡೆಯ ಒಬ್ಬರು ಮಾಷ್ಟ್ರು, ಪ್ರತಿದಿನ ವಿಷ್ಣುಸಹಸ್ರನಾಮ ಹೇಳಿದವರು. ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ಮಗ್ಗುಲು ಬದಲಾಯಿಸಿದರೆ ಕಿರುಚುತ್ತಿದ್ದರು. ಡಾಕ್ಟರು ಮಾರ್ಫಿನ್ ಬರೆದರು. ಮಗ ಬೇಡವೆಂದ. ಹಠಕ್ಕೆ ಹೇಳಿದ್ದಲ್ಲ, ಹೆದರಿಕೆಗೆ. ಕೊನೆಗಾಲದಲ್ಲಿ ಯಾರನ್ನು ನೆನೆಯುತ್ತೇವೋ ಅವರನ್ನು ಸೇರುತ್ತೇವೆ ಎಂದು ಗೀತೆ ಹೇಳುತ್ತದೆ. ಮಂಪರಿನಲ್ಲಿ ಅಪ್ಪನಿಗೆ ದೇವರ ನೆನಪು ತಪ್ಪಿದರೆ? ಬಾಳಿನುದ್ದಕ್ಕೂ ಮಾಡಿದ್ದು ಕೊನೆಯ ಗಳಿಗೆಯಲ್ಲಿ ನೀರಿಗೆ ಹೋದರೆ?

ಈ ಹೆದರಿಕೆಯನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಅವತ್ತು ಅವರನ್ನು ನೋಡಲು ಬಂದಿದ್ದ ವಯಸ್ಸಾದ ಪುರೋಹಿತರೊಬ್ಬರು ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ವರಾಹ ಚರಮಶ್ಲೋಕ ಹೇಳಿದರು. ಅದರಲ್ಲಿ ವರಾಹದೇವರು ಭೂದೇವಿಗೆ ಮಾತು ಕೊಡುತ್ತಾನೆ. ಮನಸ್ಸು ಸ್ವಸ್ಥವಾಗಿ, ದೇಹ ಗಟ್ಟಿಯಾಗಿ ಇದ್ದಾಗ ನನ್ನನ್ನು ನೆನೆದವನು, ಸಾಯುವ ಹೊತ್ತಿಗೆ ಕಟ್ಟಿಗೆಯಂತೆ ಕಲ್ಲಿನಂತೆ ಬಿದ್ದುಕೊಂಡಿದ್ದರೆ, ಆಗ ನಾನೇ ಅವನನ್ನು ನೆನೆಯುತ್ತೇನೆ, ನಾನೇ ಕರಕೊಂಡು ಹೋಗುತ್ತೇನೆ. ಪುರೋಹಿತರು ಶ್ಲೋಕ ಮುಗಿಸಿ, "ನಿನ್ನ ಅಪ್ಪ ನೆನೆಯುವಷ್ಟು ನೆನೆದಾಗಿದೆ ಮಗಾ, ಇನ್ನು ಅತ್ತಲಿನವನ ಸರದಿ" ಎಂದರು. ಮಗ ಗೋಡೆಯ ಕಡೆ ಮುಖ ಮಾಡಿ ತುಂಬ ಹೊತ್ತು ನಿಂತ. ಆಮೇಲೆ ಬಂದು ಸೈ ಹಾಕಿದ.

ಮದ್ದು ಕೊಟ್ಟ ಮೇಲೆ ಆದದ್ದು ಏನು ಗೊತ್ತುಂಟಾ? ನೋವು ತಗ್ಗಿದ್ದರಿಂದ ಮಾಷ್ಟ್ರು ಒಂದು ನಿದ್ದೆ ಮಾಡಿದರು. ಎದ್ದಾಗ ತುಟಿ ಆಡುತ್ತಿತ್ತು, ಬಗ್ಗಿ ಕೇಳಿದರೆ ಸಹಸ್ರನಾಮ. ನೋವಿನಲ್ಲಿ ಕಿರುಚುವಾಗ ಹೇಳಲು ಆಗದ ನಾಮ ಈಗ ಬಾಯಿಗೆ ಬಂದಿತ್ತು. ಕೊನೆಗೆ ಪ್ರಜ್ಞೆ ಪೂರ್ತಿ ಹೋಯಿತು. ಮನೆಯವರು ಲೋಟದಲ್ಲಿ ತುಳಸಿ ನೀರು ತಂದರು. ನುಂಗುವ ಶಕ್ತಿ ಹೋದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಸಿರು ಕಟ್ಟುತ್ತದೆ. ದಯವಿಟ್ಟು ಇದೊಂದನ್ನು ನೆನಪಿಡಿ. ಹತ್ತಿಯನ್ನು ತುಳಸಿ ನೀರಿನಲ್ಲಿ ಅದ್ದಿ ತುಟಿ ಒದ್ದೆ ಮಾಡಿದರೆ ಸಾಕು. ಮಗ ಹಾಗೆಯೇ ಮಾಡಿದ. ಕಿವಿ ಕೊನೆಯವರೆಗೆ ಕೇಳುತ್ತಿರಬಹುದು ಎಂದು ನಮಗೆ ಕಲಿಸಿದ್ದರು, ಹಾಗಾಗಿ ಮಾತಾಡುತ್ತಾ ಇರಿ ಎಂದೆ. ಅವನಿಗೆ ಸಹಸ್ರನಾಮ ಬಾಯಿಗೆ ಬರುತ್ತಿರಲಿಲ್ಲ. ಅಪ್ಪ ಶಾಲೆಯಲ್ಲಿ ಹೇಳಿಕೊಟ್ಟ ಮಗ್ಗಿಯಿಂದ ಹಿಡಿದು ಮನೆಯ ದನದ ಹೆಸರಿನವರೆಗೆ ನೆನಪಾದದ್ದೆಲ್ಲ ಹೇಳುತ್ತಾ ಕೂತ. ಅದನ್ನು ದೇವರು ಸ್ಮರಣೆಯೆಂದೇ ತೆಗೆದುಕೊಂಡಿರಬೇಕು ಎಂದು ನನ್ನ ನಂಬಿಕೆ.

ಸತ್ತವರಿಗೆ ಹೀಗಾಯಿತು. ಉಳಿದವರ ಕೈ ಸೋತಾಗ? ಇಲ್ಲಿ ನಮ್ಮ ಹಿರಿಯರ ಕ್ರಮಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸೂತಕದಲ್ಲಿ ದೇವರ ಕೋಣೆಗೆ ಹೋಗುವುದಿಲ್ಲ, ದೇವಸ್ಥಾನಕ್ಕೆ ಹೋಗುವುದಿಲ್ಲ. ಮೈಲಿಗೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ನನಗೆ ಅದು ಬೇರೆ ಥರ ಕಾಣುತ್ತದೆ. ಎದೆ ಒಡೆದಿರುವ ದಿನಗಳಲ್ಲಿ ದೇವರು ನಿಮ್ಮಿಂದ ಪೂಜೆ ಕೇಳುವುದಿಲ್ಲ. ಕೈ ಮುಗಿಯಲು ಮನಸ್ಸಿಲ್ಲದವರು ಮುಗಿಯಬೇಕಾಗಿಲ್ಲ. ಆ ದಿನಗಳಲ್ಲಿ ಆ ಮನೆಯ ಒಲೆಯನ್ನೂ ಹೊತ್ತಿಸುವುದಿಲ್ಲ, ಗಂಜಿ ನೆರೆಮನೆಯಿಂದ ಬರುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಿಗೂ ಸಾವಾದಾಗ ಗಂಜಿ ನೆರೆಯವರದೇ. ಜಾಫರ್ ಎಂಬವರು ತೀರಿಕೊಂಡಾಗ ಆ ಮನೆಯವರಿಗೆ ಊಟ ಮಾಡಿ ಕೊಡಿ ಎಂದು ಪ್ರವಾದಿಯವರು ಹೇಳಿದ್ದನ್ನು ಮುಸ್ಲಿಮರು ನೆನೆಯುತ್ತಾರೆ.

ಈ ಆಸರೆ ತಪ್ಪಿದ್ದನ್ನೂ ನಾವು ಕಂಡಿದ್ದೇವೆ. 2020ರ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಕೋವಿಡ್‌ನಿಂದ ತೀರಿಹೋದವರ ಶವಕ್ಕೆ ಒಂದು ಕಡೆ ಜಾಗ ಸಿಗದೆ ಇನ್ನೊಂದು ಕಡೆಗೆ ಅಲೆಯಬೇಕಾಯಿತು, ಕೊನೆಗೆ ಬಂಟ್ವಾಳದ ಕಡೆ ಸಂಸ್ಕಾರವಾಯಿತು. ಅವತ್ತು ನನಗೆ ಆದ ಸಂಕಟ ಇನ್ನೂ ಇಳಿದಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ಬಿದ್ದು 158 ಮಂದಿ ಹೋದಾಗ ಇದೇ ಮಂಗಳೂರು ಬೇರೆಯೇ ಥರ ನಡೆದುಕೊಂಡಿತ್ತು. ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ಹೊಳೆಯ ಹತ್ತಿರ ಮಣ್ಣು ಮಾಡಿದರು. ಯಾರು ಯಾವ ಜಾತಿ, ಯಾವ ಧರ್ಮ ಎಂದು ಗೊತ್ತಿಲ್ಲ. ಹಾಗಾಗಿ ಮೂರೂ ಧರ್ಮದವರು ಬಂದು ಪ್ರಾರ್ಥನೆ ಮಾಡಿದರು. ನಮ್ಮವರಲ್ಲದಿರಬಹುದು ಎಂದು ಯಾರೂ ಹಿಂದೆ ಸರಿಯಲಿಲ್ಲ. ಮೊದಲಿನ ಆರು ಮಕ್ಕಳನ್ನು ನೆನೆಯುವವರಿಲ್ಲ ಎಂದೆನಲ್ಲ, ಇಲ್ಲಿ ಹೆಸರು ಗೊತ್ತಿಲ್ಲದವರಿಗೂ ಊರು ಬಂದು ನಿಂತಿತು.

ಈ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಬೊಜ್ಜದವರೆಗೆ, ಅಂದರೆ ಉತ್ತರಕ್ರಿಯೆಯವರೆಗೆ, ಸಾವಾದ ಮನೆಯಲ್ಲಿ ಜನ ತುಂಬಿರುತ್ತಾರೆ. ಊಟ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಯಾರೂ ಹೋಗುವುದಿಲ್ಲ. ಎರಡು ಮೂರು ತಿಂಗಳು ಕಳೆದ ಮೇಲೆ ಹೋಗಿ ನೋಡಿ, ಎಷ್ಟೋ ಮನೆಗಳಲ್ಲಿ ದೇವರ ಕೋಣೆಯ ಬಾಗಿಲು ಹಾಕಿಯೇ ಇರುತ್ತದೆ. ಸೂತಕ ಕಳೆದು ಬಹಳ ದಿನವಾಗಿರುತ್ತದೆ, ಮನಸ್ಸು ಮಾತ್ರ ಇನ್ನೂ ಅಲ್ಲಿಯೇ. ಬಾಗಿಲು ತೆರೆಯಿರಿ ಎಂದು ಹೇಳಬೇಡಿ. ಹೆಂಗಸರು ಇಬ್ಬರು ಮೂವರು ಸಂಜೆ ಹೋಗಿ ಜಗಲಿಯಲ್ಲಿ ಕೂತುಕೊಳ್ಳಿ. ಸತ್ತವರ ಹೆಸರು ಹೇಳಿ ಮಾತಾಡಿ, ಅವರಿಗೆ ಯಾವ ಮೀನಿನ ಸಾರು ಇಷ್ಟ, ಯಾವ ಭಜನೆಗೆ ತಾಳ ತಪ್ಪಿಸುತ್ತಿದ್ದರು ಎಂಬುದೆಲ್ಲ. ಆ ಮನೆಯವರು ಬೇಕೆಂದರೆ ಒಂದು ಭಜನೆ ಹೇಳಿ, ಬೇಡವೆಂದರೆ ಚಾ ಕುಡಿದು ಬನ್ನಿ. ನೀವು ನಿಮ್ಮ ಮನೆಯಲ್ಲಿ ದೀಪ ಹಚ್ಚುವಾಗ ಅವರ ಹೆಸರು ಹೇಳಿ ಒಂದು ಬತ್ತಿ ಹೆಚ್ಚು ಹಾಕಿ. ಆ ಮನೆಯವರಿಗೆ ಆಗದಿರುವ ದಿನಗಳಲ್ಲಿ ಅವರ ಪರವಾಗಿ ನೀವು ನಂಬಿಕೊಂಡಿರಿ.

ಜೂನ್ ಜುಲೈಯಲ್ಲಿ ಹೇಗೂ ಬೋಟುಗಳು ಬಂದರಿನಲ್ಲಿ ಕಟ್ಟಿರುತ್ತವೆ, ಗಂಡಸರಿಗೂ ಬಿಡುವುಂಟು. ಈ ವರ್ಷ ಊರಿನಲ್ಲಿ ಸಾವಾದ ಮನೆಗಳ ಪಟ್ಟಿ ಇವತ್ತೇ ಮಾಡಿಕೊಳ್ಳಿ. ನನ್ನನ್ನೂ ಕರೆಯಿರಿ, ಬರುತ್ತೇನೆ.